ಸಾಗವಾನಿ ಮಂಚ, ಹಳದಿ ಕಪಾಟು

ದೀಪಾವಳಿಗೆ ನಮ್ಮನಿಗೆ ಬಂದವರೆಲ್ಲಾ ಫರಾಳ ತಿಂದು, ಚಾ ಕುಡದು, ಹೋಗೋ ಮುಂದ ಹಿಂದಿನ ಖೋಲಿಗೆ ಒಮ್ಮೆ ಹಣಕಿ ಹಾಕೇ ಹೋಗ್ಯಾರ. ಸುದ್ದಿ ಹಂಗ ಹಬ್ಬಿತ್ತಲ್ಲ. "ಅಯ್ಯ ನಮ್ಮವ್ವ, ಅತ್ತಿಯವರ ಕಪಾಟಕ್ಕ ಹಳದಿ ಬಣ್ಣ ಹಚ್ಚೀರಿ?" ಅಂತ ಒಬ್ಬರು. "ಮಂಚಕ್ಕ ನಂಬರ್ ಯಾಕ ಹಾಕೀರಿ, ಇದೇನ ಲಾಡ್ಜೇನು?" ಅಂತ ಇನ್ನೊಬ್ಬರು. ಓಣಿ ಕಡೀ ಮನಿ ಕಾಕು ಅಂತೂ ಕಪಾಟಿನ ಬಾಗಲಕ್ಕ ಉಗುರು ಹಚ್ಚಿ ಕೆರದು ನೋಡಿದ್ರು, ಒಳಗ ಸಾಗವಾನಿ ಹಾಳಾತೇನೋ ಅಂತ. ಅವತ್ತು ಒಲೀ ಮ್ಯಾಲೆ ಎಣ್ಣಿ ಕಾಯಲಿಕ್ಕತ್ತಿತ್ತು, ಒಬ್ಬೊಬ್ಬರಿಗೆ ಉತ್ತರ ಕೊಡಲಿಕ್ಕೆ ಆಗಲಿಲ್ಲ. ಅದಕ್ಕ ಎಲ್ಲಾರಿಗೂ ಕೂಡಿ ಇಲ್ಲೆ ಬರದೀನಿ.

ನನ್ನ ಮಾತು ಮೊದಲ ಹೇಳಿಬಿಡ್ತೀನಿ. ಮನ್ಯಾಗ ಹಳೀ ಮಂಚ, ಹಳೀ ಕಪಾಟು ಗಟ್ಟಿ ಇದ್ರ ಹುಡುಗರ ಸಲುವಾಗಿ ಹೊಸಾದು ತರೋದು ಬ್ಯಾಡ. ಆದ್ರ ಆ ಹಳೇದನ್ನ ಹಿರಿಯರದು ಅಂತ ಮುಟ್ಟಗೊಡಲಾರದಂಗ ಇಡೋದೂ ಬ್ಯಾಡ. ಹುಡುಗರಿಗೆ ಯಾವುದರ ಹುಚ್ಚು ಅದನೋ ಅದನ್ನ ಕೇಳಿ ತಿಳಕೊಂಡು, ಅವರ ಕೈಲೇನ ಆ ಸಾಮಾನನ್ನ ಅವರದು ಮಾಡಿಸ್ರಿ. ಹಿಂಗ ಯಾಕ ಅಂತೀನಿ ಅನ್ನೋದನ್ನ ಮುಂದ ಓದ್ರಿ.

ನಿಮಗ ಗೊತ್ತಿದ್ದದ್ದ ಅದ, ಜೂನ್ ತಿಂಗಳಿಂದ ನನ್ನ ಮಗಳು ಮಗನ್ನ ಕರಕೊಂಡು ನಮ್ಮ ಹತ್ರ ಬಂದಾಳ. ಯಾಕ, ಏನು ಅನ್ನೋದು ಆಕೀ ಮಾತು. ಹೇಳಬೇಕು ಅನ್ನಿಸಿದಾಗ ಆಕೀನ ಹೇಳ್ತಾಳ, ಅಲ್ಲೀತನಕ ನೀವೂ ಕೇಳಬ್ಯಾಡ್ರಿ. ನಾ ಹೇಳೋದು ಹುಡುಗನ ವಿಷಯ. ಎಂಟು ವರ್ಷದಾಂವ, ಮೂರನೇ ಇಯತ್ತೆ. ಬಂದ ದಿನಾನ ಅವಗ ಹಿಂದಿನ ಖೋಲಿ ಕೊಟ್ವಿ. ಅಲ್ಲೆ ಮೂರು ಸಾಮಾನು ಅವ. ನಮ್ಮ ಅತ್ತಿಯವರ ಮದವಿ ಹೊತ್ತಿನಾಗ ಹಳಿಯಾಳದ ಸಾಗವಾನಿ ತರಿಸಿ ಮಾಡಿಸಿದ ಮಂಚ, ನಾಕೂ ಮೂಲಿಗೆ ಸೊಳ್ಳಿ ಪರದೆ ಕಟ್ಟೋ ಕೋಲು. ಅದರ ಬಾಜೂಕ ಕನ್ನಡಿ ಇದ್ದ ಕಪಾಟು. ಕಿಡಕಿ ಕೆಳಗ ಒಂದು ಮೇಜು, ಅದರ ಡ್ರಾವರ್ ಮಳಿಗಾಲದಾಗ ಹಿಡಕೊಂಡು ಕುಂತು ದಸರಾಕ್ಕ ಬಿಡತದ.

ಹುಡುಗ ಆ ಖೋಲ್ಯಾಗ ಮಲಗಲೇ ಇಲ್ಲ. ರಾತ್ರಿ ನಡುಮನ್ಯಾಗ ನನ್ನ ಹಾಸಿಗಿಗೆ ಬಂದು ಬಿಡ್ತಿದ್ದ. ಅದಾತು, ಹೊಸಾ ಜಾಗಾ ಅಂತ ಬಿಟ್ವಿ. ಆದ್ರ ಅವನ ಗಾಲಿ ಬ್ಯಾಗು ನೋಡಿ ನನಗ ಸಂಕಟ ಆಗ್ತಿತ್ತು. ಮುಂಜಾನೆ ಅದರಾಗಿಂದ ಅಂಗಿ ತಗದು ಹಾಕೋತಿದ್ದ, ಒಗದು ಒಣಗಿಸಿ ಮಡಚಿ ಕೊಟ್ರ ಮತ್ತ ಅದರಾಗ ಇಟ್ಟು ಜಿಪ್ ಎಳೀತಿದ್ದ. ದೀಡು ತಿಂಗಳು ಇದ ನಡೀತು. "ಕಪಾಟಿನಾಗ ಇಡೋ ಬಾಳಾ, ಒಂದು ಖಾನೆ ಪೂರಾ ತೆರವು ಮಾಡೀನಿ" ಅಂದೆ. "ಬ್ಯಾಡಜ್ಜಿ, ಅದು ನಿಮ್ಮ ಕಪಾಟು" ಅಂದ. ಸಿಟ್ಟಿಲ್ಲ, ಹಟ ಇಲ್ಲ. ಪರರ ಮನ್ಯಾಗ ಹುಡುಗರು ಎಷ್ಟು ಶಾಣ್ಯಾರಾಗಿ ಮಾತಾಡ್ತಾರ, ಹಂಗ ಅಂದ.

ಆ ಮಾತು ನನಗ ಯಾಕ ನಟ್ಟಿತು ಅಂದ್ರ, ನಾನೂ ಅದ ಖೋಲಿಗೆ ಮದವಿಯಾಗಿ ಬಂದಾಕಿ. ಪಿಯುಸಿ ಮುಗದ ಮರುವರ್ಷ. ನನ್ನ ಟ್ರಂಕು ಅದ ಮಂಚದ ಕೆಳಗ ಇತ್ತು. ಕಪಾಟಿನಾಗ ಅತ್ತಿಯವರ ರೇಷ್ಮಿ ಸೀರಿ, ಮಾವನವರ ಕೋಟು, ನಾದಿನಿಯರ ಸಾಮಾನು. ಅತ್ತಿಯವರು ಕೆಟ್ಟವರಲ್ಲ, ಯಾರಿಗೂ ಹೊಳೀಲಿಲ್ಲ ಅಷ್ಟ. ಆ ಕಪಾಟಿನಾಗ ನನಗ ಅಂತ ಒಂದು ಖಾನೆ ಸಿಗಲಿಕ್ಕೆ ಎರಡು ವರ್ಷ ಹಿಡೀತು. ಈ ಬರಹ ಓದೋ ನಿಮ್ಮೊಳಗೂ ಎಷ್ಟ ಜನ ಟ್ರಂಕಿನ ಮುಂದ ಕುಂತು ಸೀರಿ ತಗದೀರಿ, ನಿಮಗ ಗೊತ್ತು. ಅದರಾಗಿಂದ ಬಟ್ಟಿ ತಗಿಯೋತನಕ ಮನಿ ನಮ್ಮದು ಅನ್ನಸಂಗಿಲ್ಲ.

ನಮ್ಮ ವೈನಿ ಬಂದಾಗ ಇದನ್ನ ಹೇಳಿದೆ. "ಅದೇನ ದೊಡ್ಡ ಮಾತು, ಹುಬ್ಬಳ್ಳ್ಯಾಗ ಕಾರಿನಂಗ ಇರೋ ಮಂಚ ಬಂದಾವ, ತಂದು ಹಾಕ್ರಿ, ಹೆಂಗ ಓಡಿಹೋಗಿ ಮಲಗತಾನ ನೋಡ್ರಿ" ಅಂದ್ರು. ಒಂದು ಆಯಿತವಾರ ಹುಡುಗನ್ನ ಕರಕೊಂಡು ಹೋದ್ವಿ. ಕೆಂಪು ಕಾರು, ಮುಂದ ದೀಪ, ಬಾಜೂಕ ಗಾಲಿ. 38,000 ರೂಪಾಯಿ. ಉದ್ದ ಐದು ಫೂಟು, ಅಂದ್ರ ನಾಕೈದು ವರ್ಷದಾಗ ಕಾಲು ಹೊರಗ. ಅಂಗಡ್ಯಾಂವ ದೀಪ ಹಚ್ಚಿ ತೋರಿಸಿದ. ಹುಡುಗ ಸುತ್ತಲೂ ತಿರಗಿ ನೋಡಿ "ಛಲೋ ಅದ" ಅಂದ. ಆಮ್ಯಾಲೆ ನನ್ನ ಕಿವ್ಯಾಗ "ಅಜ್ಜಿ, ನಾವು ಹೋಗೋ ಮುಂದ ಇದನ್ನ ಹೆಂಗ ಒಯ್ಯೋದು?" ಅಂತ ಕೇಳಿದ. ನಾ ಚೀಲಾ ಹೆಗಲಿಗೆ ಹಾಕ್ಕೊಂಡು ಹೊರಗ ಬಂದೆ.

ಇಷ್ಟು ದಿನ ಮನ್ಯಾಗ ಇದ್ದ ಹುಡುಗಗ ಕಾರು ಸೇರತಾವೋ ಇಲ್ಲೋ ಅಂತ ನಾವ್ಯಾರೂ ಕೇಳಿದ್ದೇ ಇಲ್ಲ. ಗಂಡು ಹುಡುಗ ಅಂದ್ರ ಕಾರು, ಹೆಣ್ಣು ಹುಡುಗಿ ಅಂದ್ರ ಗುಲಾಬಿ ಬಣ್ಣ, ಮುಗೀತು. ಅವಗ ಸೇರೋದು ರೈಲು ಅಂತ ಗೊತ್ತಾಗಿದ್ದು ಅವತ್ತ ಸಂಜೀಕ. ಬಸ್ ಬಿಟ್ಟು ಗಾಡಿಗೆ ಧಾರವಾಡಕ್ಕ ಬರೋಣ ಅಂತ ಸ್ಟೇಶನ್ನಿಗೆ ಹೋದ್ವಿ. ಹುಬ್ಬಳ್ಳಿ ಸಿದ್ಧಾರೂಢ ಸ್ವಾಮೀಜಿ ಸ್ಟೇಶನ್ನಿನ ಪ್ಲ್ಯಾಟಫಾರ್ಮ್ ಜಗತ್ತಿನಾಗ ಎಲ್ಲಾಕ್ಕಿಂತ ಉದ್ದನ್ನದು, 1,507 ಮೀಟರ್, 2023ರ ಮಾರ್ಚ್‌ನ್ಯಾಗ ಉದ್ಘಾಟನೆ ಆತು ಅಂತ ಆ ಎಂಟು ವರ್ಷದ ಹುಡುಗ ನನಗ ಹೇಳಿದ. ನಾ ಇಲ್ಲೇ ಹುಟ್ಟಿ ಬೆಳದಾಕಿ, ನನಗ ಮೀಟರ್ ಗೊತ್ತಿದ್ದಿಲ್ಲ. ಆ ತುದಿಯಿಂದ ಈ ತುದಿಗೆ ನಡಸ್ಯಾನ, ಇಪ್ಪತ್ತು ನಿಮಿಷ ಬೇಕಾತು, ನನ್ನ ಮೊಣಕಾಲಿಗೆ ಕೇಳ್ರಿ.

ಗಾಡ್ಯಾಗ ಕುಂತ ಮ್ಯಾಲೆ ಬಾಯಿಗೆ ತಡೀನ ಇಲ್ಲ. ಸ್ಲೀಪರ್ ಡಬ್ಬ್ಯಾಗ ಎಂಟೆಂಟು ಸೀಟಿನ ಲೆಕ್ಕ. 1 ಮತ್ತ 4 ಕೆಳಗಿನವು, 2 ಮತ್ತ 5 ನಡುವಿನವು, 3 ಮತ್ತ 6 ಮ್ಯಾಲಿನವು, 7 ಸೈಡ್ ಲೋವರ್, 8 ಸೈಡ್ ಅಪ್ಪರ್. ಹಳೀ ಡಬ್ಬ್ಯಾಗ 72 ಸೀಟು, ಹೊಸಾ ಎಲ್‌ಎಚ್‌ಬಿ ಡಬ್ಬ್ಯಾಗ 80. ಯಾವ ನಂಬರ್ ಹೇಳಿದ್ರೂ ಎಂಟರಲೆ ಭಾಗಿಸಿ, ಉಳದದ್ದರ ಮ್ಯಾಲೆ ಎಲ್ಲೆ ಅದ ಅಂತ ಹೇಳ್ತಾನ. ನಾ ಸುಮ್ಮನ ಚಾಷ್ಟಿ ಮಾಡಿ "ಹಂಗಾದ್ರ ನಮ್ಮನಿ ಹಿಂದಿನ ಖೋಲಿ ಮಂಚ ಎಷ್ಟನೇ ನಂಬರ್?" ಅಂದೆ. ಭಾಳ ಹೊತ್ತು ವಿಚಾರ ಮಾಡಿದ. "ಈಗ ಅದು ಗ್ವಾಡಿಗೆ ಅದ. ಕಿಡಕಿ ಬಾಜೂಕ ಉದ್ದಕ ಹಾಕಿದ್ರ ಏಳು" ಅಂದ.

ಅವತ್ತ ರಾತ್ರಿ ಊಟಾ ಆದ ಮ್ಯಾಲೆ ನಾಕೂ ಮಂದಿ ಕೂಡಿ ಮಂಚ ಸರಿಸಿದ್ವಿ. ಸಾಗವಾನಿ ಮಂಚ ಸರಿಸೋದು ಅಂದ್ರ ಹುಡುಗಾಟ ಅಲ್ಲ. ಮೇಜು ಗ್ವಾಡಿಗೆ ಹೋತು, ಮಂಚ ಕಿಡಕಿಗೆ ಬಂತು. ನಮ್ಮನಿಯವರು ಬ್ಯಾಸರ ಮಾಡಿಕೊಂಡರ. "ನಮ್ಮವ್ವ ಇಟ್ಟ ಜಾಗಾ, ನಲವತ್ತು ವರ್ಷದಿಂದ ಸರಿಸಿಲ್ಲ" ಅಂದ್ರು. ನಂಬರಿಗೆ ಮಂಚಕ್ಕ ಬಣ್ಣ ಹಚ್ಚತಾರ ಅಂತ ತಿಳದು ಇನ್ನೂ ಸಿಟ್ಟಾದ್ರು. ಮಂಚಕ್ಕ ಕುಂಚ ಮುಟ್ಟಸಂಗಿಲ್ಲ, ಮಳಿ ಹೊಡಿಯಂಗಿಲ್ಲ, ಕೊರಿಯಂಗಿಲ್ಲ ಅಂತ ಮಾತು ಕೊಟ್ಟೆ. ಕೊಟ್ಟ ಮಾತು ಉಳಿಸೀನಿ. ಒಂದು ಸಣ್ಣ ಹಲಗಿ ಮ್ಯಾಲೆ ಹುಡುಗ 7 ಅಂತ ಬರದು, ಸೊಳ್ಳಿ ಪರದೆ ಕೋಲಿಗೆ ದಾರಾ ಹಾಕಿ ಜೋತ ಬಿಟ್ಟಾನ. ನೀರಿನ ಬಾಟ್ಲಿ ಇಡಲಿಕ್ಕೆ ಜಾಳಗಿ ಚೀಲಾ ನಾ ಹೆಣದು ಕೊಟ್ಟೆ, ಅದನ್ನೂ ಕೋಲಿಗೆ ಕಟ್ಟೇದ. ಗಾದಿಗೆ ನೀಲಿ ಖೋಳ ಹೊಲದೆ, ಸ್ಲೀಪರ್ ಸೀಟಿನ ಬಣ್ಣ. ಇಷ್ಟ. ನಾಳೆ ಬ್ಯಾಡ ಅಂದ್ರ ಕತ್ರಿಲೆ ದಾರಾ ಕತ್ತರಿಸಿದ್ರ ಮುಗೀತು, ಮಂಚ ಅತ್ತಿಯವರದು ಅತ್ತಿಯವರದ.

ಮೊದಲನೇ ರಾತ್ರಿ ಅಲ್ಲೇ ಮಲಗಿದ. ಗಾಲಿ ಬ್ಯಾಗು ಮಂಚದ ಕೆಳಗ ಹಾಕ್ಕೊಂಡ. "ಲಗೇಜು ಸೀಟಿನ ಕೆಳಗ ಇಡಬೇಕಜ್ಜಿ" ಅಂದ. ಸರಿ, ಮಲಗಿದ್ನಲ್ಲ, ಅಷ್ಟರ ಮಟ್ಟಿಗೆ ಗೆದ್ದಂಗ ಅಂತ ತಿಳದೆ.

ಇನ್ನ ಕಪಾಟಿನ ಮಾತು. ಕಾಕು, ನಿಮ್ಮ ಉಗುರಿಗೆ ಸಾಗವಾನಿ ಸಿಕ್ಕಿದ್ದಿಲ್ಲ, ಯಾಕಂದ್ರ ಅದು ಸಾಗವಾನಿ ಅಲ್ಲೇ ಅಲ್ಲ. ಕಾಡು ಕಟಿಗಿ. ಮೊದಲು ಹಸರು, ಆಮ್ಯಾಲೆ ಎರಡು ಸಲ ಕಂದು ಎಣ್ಣಿ ಬಣ್ಣ ಬಳದಿದ್ರು. ನನ್ನ ವಿಚಾರ ಹಿಂಗದ: ಪಾಲಿಶ್ ಮಾಡಿದ ಸಾಗವಾನಿ, ಶೀಶಂ ಇದ್ರ ಅದಕ್ಕ ಬಣ್ಣ ಹಚ್ಚಬ್ಯಾಡ್ರಿ, ಮತ್ತ ತಗಿಯೋದು ಭಾಳ ಕಷ್ಟ. ಮೊದಲ ಬಣ್ಣ ಕಂಡ ಸಾಮಾನಿಗೆ ಇನ್ನೊಂದು ಬಣ್ಣ ಹಚ್ಚಿದ್ರ ಯಾವ ಪಾಪನೂ ಇಲ್ಲ.

ಆದ್ರ ಒಂದು ಮಾತು ಗಂಟು ಹಾಕ್ಕೋಳ್ರಿ. ಹಳೀ ಎಣ್ಣಿ ಬಣ್ಣದಾಗ ಸೀಸ ಇರಬಹುದು. ಮನಿಗೆ ಹಚ್ಚೋ ಬಣ್ಣದಾಗ ಸೀಸ ಹತ್ತು ಲಕ್ಷ ಪಾಲಿಗೆ 90 ಪಾಲು, ಅಂದ್ರ 90 ಪಿಪಿಎಮ್, ಮೀರಬಾರದು ಅಂತ ನಮ್ಮ ದೇಶದಾಗ ನಿಯಮ ಬಂದದ್ದು 2016ರಾಗ, ಜಾರಿ ಆಗಿದ್ದು 2017ರ ನವೆಂಬರ್ 1ರಿಂದ. ಅದಕ್ಕಿಂತ ಹಿಂದಿನ ಬಣ್ಣದಾಗ ಎಷ್ಟಿತ್ತೋ ಹೆಂಗ ಹೇಳೋದು? ಸೀಸ ಸಣ್ಣ ಹುಡುಗರ ಮಿದುಳಿಗೆ ಕೆಟ್ಟದ್ದು. ಅದಕ್ಕ ಹಳೀ ಬಣ್ಣಾನ ಒಣಾ ಒಣಾ ತಿಕ್ಕಿ ಧೂಳು ಎಬ್ಬಿಸಬ್ಯಾಡ್ರಿ. ನಾ ಮಾಡಿದ್ದು ಹಿಂಗ. ಹುಡುಗನ್ನ ಅವರವ್ವನ ಜೋಡಿ ಅವನ ಅಜ್ಜನ ತಮ್ಮನ ಮನಿಗೆ ಕಳಿಸಿದೆ. ಮೂಗಿಗೆ ಮಾಸ್ಕ ಹಾಕ್ಕೊಂಡು ಸಾಬಾಣ ನೀರಲೆ ಕಪಾಟು ತೊಳದೆ. ವಾಟರ್ ಪೇಪರ್ ತೊಯ್ಸಿಕೊಂಡು ಹಗೂರಕ ತಿಕ್ಕಿದೆ, ಹೊಳಪು ಹೋಗೋಷ್ಟ. ಎದ್ದು ಬಂದ ಚಕ್ಕಿ ಎಲ್ಲಾ ಹಾಸಿದ ಪೇಪರಿನಾಗ ಸುತ್ತಿ ಕಸಕ್ಕ ಹಾಕಿದೆ, ಕಸಬರಗಿ ಆಡಿಸಲಿಲ್ಲ. ನೆಲಾ ಒದ್ದಿ ಅರಿವಿಲೆ ಎರಡು ಸಲ ಒರಸಿದೆ. ಆಮ್ಯಾಲೆ ಪ್ರೈಮರ್, ಅದು ಒಣಗಿದ ಮ್ಯಾಲೆ ಹಳದಿ. ಹೊಸಾ ಡಬ್ಬಿ ತಗೊಳ್ಳೋ ಮುಂದ ಸೀಸದ ಮಾತು ಡಬ್ಬಿ ಮ್ಯಾಲೆ ಬರದಾರೇನು ಅಂತ ಓದಿ ತಗೊಂಡೆ. ವಾಸನಿ ಹೋಗೋತನಕ ನಾಕು ದಿನ ಅವನ್ನ ಆ ಖೋಲ್ಯಾಗ ಮಲಗಸಲಿಲ್ಲ. ಮನ್ಯಾಗ ಬಸರಿ ಹೆಣಮಕ್ಕಳಿದ್ರ ಈ ಕೆಲಸಾ ಅವರು ಮುಟ್ಟಬಾರದು.

ಇನ್ನೊಂದು ಜೋಪಾನ. ಕಪಾಟು ಎತ್ತರ ಇದ್ರ ಹಿಂದ ಮ್ಯಾಲೆ ಎರಡು ಕಬ್ಬಿಣದ ಎಲ್ ಪಟ್ಟಿ ಹಾಕಿ ಗ್ವಾಡಿಗೆ ಸ್ಕ್ರೂ ಹೊಡಸ್ರಿ. ಹುಡುಗರು ಖಾನೆ ಮ್ಯಾಲೆ ಕಾಲಿಟ್ಟು ಹತ್ತತಾರ, ಕಪಾಟು ಮೈಮ್ಯಾಲೆ ಬರತದ. ಬಡಿಗ್ಯಾರಗ ಅರ್ಧಾ ತಾಸಿನ ಕೆಲಸ.

ಹಳದಿ ಯಾಕ ಅಂದ್ರ, ಸ್ಟೇಶನ್ ಬೋರ್ಡ್ ಹಳದಿ, ಅಕ್ಷರ ಕರಿ. ಅದನ್ನ ಮೊದಲ ಹೇಳಿದಾಂವ ಅವನ. ಬಾಗಲದ ಮ್ಯಾಲೆ ಅವನ ಹೆಸರು ಕನ್ನಡ, ಹಿಂದಿ, ಇಂಗ್ಲಿಷ್ ಮೂರರಾಗೂ ಬರದಾನ, ತನ್ನ ಕೈಲೇನ. ಪೇಂಟರ್ ಕಡೆ ಬರಸೋಣ, ಸುದ್ದಾಗಿ ಬರತದ ಅಂತ ಅಜ್ಜ ಅಂದ್ರು. ನಾ ಬ್ಯಾಡ ಅಂದೆ. ಅಕ್ಷರ ಸೊಟ್ಟ ಅವ, ಒಂದು ಒತ್ತು ಕೆಳಗ ಇಳದು ಹೋಗೇದ. ಸ್ಟೇಶನ್ ಬೋರ್ಡಿನ ಮ್ಯಾಲೆ ಸಮುದ್ರ ಮಟ್ಟದಿಂದ ಇಷ್ಟು ಎತ್ತರ ಅಂತ ಬರದಿರತಾರಲ್ಲ, ಆ ಜಾಗಾದಾಗ ಅಂವ ತನ್ನ ಎತ್ತರ ಬರದಾನ: 126 ಸೆಂಟಿಮೀಟರ್. ಹುಟ್ಟಿದ ದಿನಕ್ಕೊಮ್ಮೆ ಅಳದು ತಿದ್ದತೀನಿ ಅಂತಾನ. ಬೋರ್ಡ್ ಬರದ ಮರುದಿನ ಸಾಲಿಯಿಂದ ಬಂದಾಂವ ಮಂಚದ ಕೆಳಗಿಂದ ಬ್ಯಾಗು ಎಳದು, ಅಂಗಿ ಚೊಣ್ಣ ಎಲ್ಲಾ ತಗದು ಕಪಾಟಿನಾಗ ಇಟ್ಟ. ನಾನೂ ಹೇಳಿದ್ದಿಲ್ಲ, ಅವರವ್ವನೂ ಹೇಳಿದ್ದಿಲ್ಲ. ನಾ ಅಡಗಿಮನ್ಯಾಗ ಹೋಗಿ ಸುಮ್ಮನ ನಿಂತೆ.

ಮೇಜಿನದು ಸಣ್ಣ ಕೆಲಸ. ಮ್ಯಾಲೆಲ್ಲಾ ಇಸ್ತ್ರಿಪೆಟ್ಟಿಗಿ ಸುಟ್ಟ ಕಲಿ ಇದ್ವು, ಅಲ್ಲೆ ಕರಿ ಹಲಗಿ ಬಣ್ಣ ಹಚ್ಚೀವಿ. ಖಡೂಲೆ ಗಾಡಿ ಟೈಮ್ ಬರೀತಾನ. ಹಿಡಕೊಳ್ಳೋ ಡ್ರಾವರಿನ ಪಟ್ಟಿಗೆ ಮೇಣದಬತ್ತಿ ತಿಕ್ಕಿದೆ, ಈ ಮಳಿಗಾಲ ಸರಳ ಓಡಾಡೇದ. ಅದು ಈಗ ಟಿಕೇಟ್ ಖಿಡಕಿಯ ರೊಕ್ಕದ ಪೆಟಗಿ. ಬಣ್ಣ, ಪ್ರೈಮರ್, ಕುಂಚ, ಎಲ್ ಪಟ್ಟಿ, ನೀಲಿ ಅರಿವಿ ಎಲ್ಲಾ ಕೂಡಿ 2,140 ರೂಪಾಯಿ ಖರ್ಚಾತು.

ನಮ್ಮನಿಯವರೂ ಮೆತ್ತಗಾದ್ರು. ಒಂದಿನ ಹುಡುಗನ ಮಂಚದ ಮ್ಯಾಲೆ ಕುಂತು, ನಮ್ಮ ಕಡೆ ಮೊದಲು ಮೀಟರ್ ಗೇಜ್ ಇತ್ತು, ಹಳಿ ನಡುವ 1 ಮೀಟರ್, ಈಗಿನ ಬ್ರಾಡ್ ಗೇಜ್ 1.676 ಮೀಟರ್, ಕಿಡಕಿಗೆ ಮಾರಿ ಇಟ್ರ ಕಲ್ಲಿದ್ದಿಲಿ ಕಣ ಕಣ್ಣಾಗ ಬೀಳ್ತಿತ್ತು ಅಂತ ಹೇಳ್ಲಿಕ್ಕತ್ತಿದ್ರು. ತಮ್ಮವ್ವನ ಮಂಚದ ಮ್ಯಾಲೆ ಅವರು ಅಷ್ಟು ಹೊತ್ತು ಕುಂತು ಮಾತಾಡಿದ್ದು ಅವ್ವ ಹೋದ ಮ್ಯಾಲೆ ಅದ ಮೊದಲು.

ಈಗ ನಿಮ್ಮ ತಕರಾರಿಗೆ ಬರ್ತೀನಿ. ವೈನಿ ಅಂದ್ರು, "ಹುಡುಗರ ಹುಚ್ಚು ಒಂದು ವರ್ಷದ್ದು, ನಾಳೆ ಕ್ರಿಕೆಟ್ ಅಂತಾನ, ಆವಾಗೇನು?" ಆವಾಗ ಹಲಗಿ ಇಳಸತಾನ, ಬೋರ್ಡಿನ ಮ್ಯಾಲೆ ಇನ್ನೊಂದು ಬಣ್ಣ ಹಚ್ಚತಾನ. ಅದಕ್ಕ ನಾ ಹೇಳೋದು, ಬದಲು ಮಾಡಲಿಕ್ಕೆ ಬರೋದನ್ನಷ್ಟ ಮಾಡ್ರಿ. ಕಾರಿನ ಮಂಚ ತಂದಿದ್ರ ಅದು ಕಾರಾಗೇ ಇರ್ತಿತ್ತು. ಖೋಲಿ ತುಂಬ ರೈಲು ಮಾಡಲಿಕ್ಕೂ ಹೋಗಬ್ಯಾಡ್ರಿ. ಗ್ವಾಡಿ ಹಂಗ ಬಿಟ್ಟೀವಿ, ಪರದೆ ಹಂಗ ಬಿಟ್ಟೀವಿ. ಕಪಾಟಿನ ಕೆಳಗಿನ ಖಾನ್ಯಾಗ ಅಂವ ಕಲ್ಲು, ರಬ್ಬರ್ ಬ್ಯಾಂಡು, ಏನೇನೋ ಕೂಡಿ ಹಾಕ್ಯಾನ. ಅದನ್ನ ನಾವು ಮುಟ್ಟಂಗಿಲ್ಲ.

ಇನ್ನೊಂದು ತಕರಾರು ಯಾರೂ ಮಾರಿ ಮುಂದ ಅನ್ನಲಿಲ್ಲ, ಆದ್ರ ನನ್ನ ಕಿವಿಗೆ ಬಿದ್ದದ. "ಎಷ್ಟ ದಿನ ಇರತಾರೋ ಏನೋ, ಅಷ್ಟಕ್ಕ ಇಷ್ಟೆಲ್ಲಾ ಯಾಕ?" ಅಂತ. ಎಷ್ಟ ದಿನ ಅಂತ ನನಗೂ ಗೊತ್ತಿಲ್ಲ, ಮಗಳಿಗೂ ಗೊತ್ತಿಲ್ಲ. ಗಾಡಿ ಎರಡ ನಿಮಿಷ ನಿಲ್ಲೋ ಸ್ಟೇಶನ್ನಿಗೂ ಒಂದು ಹಳದಿ ಬೋರ್ಡ್ ಇರತದ. ಎಷ್ಟ ದಿನಾನ ಇರಲಿ, ಆ ಹುಡುಗ ಅಷ್ಟೂ ದಿನ ತನ್ನ ಖೋಲ್ಯಾಗ ಇರಬೇಕು, ನಮ್ಮ ಖೋಲ್ಯಾಗ ಅಲ್ಲ.

ಒಂದು ತಪ್ಪು ಒಪ್ಪಿಕೊಂಡು ಮುಗಸ್ತೀನಿ. ನನ್ನ ಮಗಳು ಎಂಟನೇ ಇಯತ್ತ್ಯಾಗ ಇದ್ದಾಗ ಇದ ಕಪಾಟಿನ ಕನ್ನಡಿಗೆ ಕ್ರಿಕೆಟ್ ಆಟಗಾರರ ಸ್ಟಿಕರ್ ಹಚ್ಚಿದ್ಲು. ಅಜ್ಜಿ ಕಪಾಟು ಕೆಡಸ್ತೀ ಅಂತ ಎರಡು ಬಾರಿಸಿ, ಚಿಮಣಿ ಎಣ್ಣಿ ಹಚ್ಚಿ ಎಲ್ಲಾ ತಿಕ್ಕಿ ತಗದಿದ್ದೆ. ಮೊನ್ನೆ ಹಳದಿ ಹಚ್ಚೋ ಮುಂದ ಕನ್ನಡಿ ಮೂಲ್ಯಾಗ ಒಂದು ಸ್ಟಿಕರಿನ ಅಂಟು ಇನ್ನೂ ಇತ್ತು. ಅದನ್ನ ಕೆರೀಲಿಕ್ಕೆ ಹೋದೆ. ಹಿಂದ ಮಗಳು ನಿಂತಿದ್ಲು, "ಅದೊಂದು ಇರಲಿ ಬಿಡವ್ವಾ" ಅಂದ್ಲು. ಬಿಟ್ಟೀನಿ. ಹದಿನಾರು ವರ್ಷ ಆಕಿ ಆ ಖೋಲ್ಯಾಗ ಇದ್ಲು, ಮದವಿಯಾಗಿ ಹೋಗೋ ಮುಂದ ಆಕೀದು ಅಂತ ಅಲ್ಲೆ ಏನೂ ಇದ್ದಿಲ್ಲ. ಸಾಗವಾನಿ ಹೊಳಪು ಕಾಯ್ದು ನಾ ಗಳಿಸಿದ್ದು ಅಷ್ಟ.

ನಿಮ್ಮನ್ಯಾಗೂ ಇಂಥಾ ಹಳೀ ಮಂಚ, ಕಪಾಟು ಇದ್ದ ಇರತಾವ. ಹುಡುಗರನ್ನ ಒಂದ ಸಲ ಕೇಳಿ ನೋಡ್ರಿ, ಇದು ನಿನ್ನದಾಗಬೇಕಾದ್ರ ಏನ ಮಾಡಬೇಕು ಅಂತ. ಖಾಲಿ ಬ್ಯಾಗು ಅವನ ಮಂಚದ ಕೆಳಗ ಇನ್ನೂ ಅದ. ಅಟ್ಟದ ಮ್ಯಾಲೆ ಇಡ್ಲೇನು ಅಂತ ನಾ ಕೇಳಿಲ್ಲ, ಅವನೂ ಅಂದಿಲ್ಲ, ಇರಲಿ. ಖೋಲಿ ನೋಡಲಿಕ್ಕೆ ಬರೋರು ಬರ್ರಿ, ಆದ್ರ ಟಿಕೇಟ್ ತಗೋಬೇಕಾಗತದ, ಒಬ್ಬರಿಗೆ ಒಂದು ಪೇಪರಮಿಂಟ್. ಮತ್ತ ಕಾಕು, ಉಗುರು ಹಚ್ಚಬ್ಯಾಡ್ರಿ.